ಮುಖಪುಟದ ಹೆಂಗಸು

ಎರಡು ಮುಖಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಅವಳು ಕೂತು ಬಹಳ ಹೊತ್ತಾಗಿತ್ತು. ಎಡಗಡೆ ಪುಸ್ತಕ, ಬಲಗಡೆ ಫೋಟೊ. ಪುಸ್ತಕ ಬೆಳಿಗ್ಗೆಯಷ್ಟೇ ಬೈಂಡಿಂಗ್ ಮುಗಿದು ಬಂದದ್ದು. ಬೆನ್ನಿನ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಫೋಟೊ ಹಳೆಯದು, ಒಂದು ಮೂಲೆ ಮಡಚಿ ಮಡಚಿ ಬಿಳಿ ಗೆರೆ ಬಿದ್ದದ್ದು. ಪುಸ್ತಕ ಬರೆದ ಟೀಚರಿಗೆ ವಾಪಸು ಕೊಡಬೇಕೆಂದು ಡ್ರಾಯರಿನಿಂದ ಲಕೋಟೆ ತೆಗೆದಾಗ ಅದು ತಾನಾಗಿ ಅರ್ಧ ಜಾರಿ ಹೊರಗೆ ಬಂದಿತ್ತು. ಜಾರದಿದ್ದರೆ ಅವಳು ನೋಡುತ್ತಲೇ ಇರಲಿಲ್ಲ. ಎರಡರಲ್ಲೂ ಇದ್ದವಳು ಒಬ್ಬಳೇ ಹೆಂಗಸು: ಆಫ್ರಿಕಾದ ಕವಿ, ತೀರಿಹೋಗಿ ಒಂಬತ್ತು ವರ್ಷ. ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ತಲೆಗೆ ಅಂಟಿದಂತೆ ಹೆಣೆದುಕೊಂಡು, ಗಲ್ಲ ತುಸು ಮೇಲೆತ್ತಿ, ಯಾರೋ ಕರೆದದ್ದಕ್ಕೆ ತಿರುಗಿ ಇನ್ನೂ ಓಗೊಡದೆ ಇರುವವಳ ಹಾಗೆ ನೋಡುತ್ತಿದ್ದಳು. ಫೋಟೊದಲ್ಲಿ ಅವಳು ಕಪ್ಪು. ಆಳದ ಬಾವಿಯೊಳಗೆ ನೀರು ಕಪ್ಪಗಿರುತ್ತದಲ್ಲ, ಹಾಗೆ. ಬೆಳಕು ಒಳಗೆಲ್ಲೋ ಇದ್ದು, ಕೆನ್ನೆಯ ಮೂಳೆಯ ಹತ್ತಿರ ಮಾತ್ರ ಮೇಲಕ್ಕೆ ಬಂದ ಹಾಗೆ. ಪುಸ್ತಕದ ಮುಖಪುಟದಲ್ಲಿ ಅವಳು ಕಪ್ಪಲ್ಲ. ಹಾಲು ಜಾಸ್ತಿಯಾದ ಚಹಾದ ಬಣ್ಣ. ಬಾವಿಯಿಂದ ಬೆಳಕನ್ನೆಲ್ಲ ಮೊಗೆದು ಹೊರಗೆ ಚೆಲ್ಲಿದ ಮೇಲೆ ಉಳಿಯುವ ಚಪ್ಪಟೆ ನೆಲ.

ಹಾಗೆ ಮಾಡಿದವಳು ಮೇಜಿನ ಮುಂದೆ ಕೂತಿದ್ದ ಅವಳೇ.

ಪ್ರೆಸ್ಸಿನಲ್ಲಿ ಅವಳ ಕೆಲಸ ಅಕ್ಷರ ಜೋಡಿಸುವುದು ಮತ್ತು ಫೋಟೊ ತಿದ್ದುವುದು. ಸೇರಿದ ಮೊದಲ ದಿನವೇ ಯಜಮಾನರು ಕಲಿಸಿದ್ದು ಕೀಬೋರ್ಡಿನ ಮೇಲಿನ ಸಾಲಿನ ನಾಲ್ಕನೇ ಗುಂಡಿ. ಅದನ್ನೊತ್ತಿದರೆ ಪರದೆಯ ಮೇಲಿನ ಮುಖ ಎರಡು ಹೆಜ್ಜೆ ಬೆಳ್ಳಗಾಗುತ್ತದೆ. ಯಜಮಾನರೇ ಕೂತು ಹಾಗೆ ಹೊಂದಿಸಿಟ್ಟಿದ್ದರು. "ಮುಖ ಬಂದ್ರೆ ನಾಲ್ಕು. ಕೇಳೋಕೆ ಹೋಗ್ಬೇಡ. ಗಿರಾಕಿ ಬಾಯಿಬಿಟ್ಟು ಹೇಳಲ್ಲ, ಮನಸ್ಸಲ್ಲಿ ಅದೇ ಇರುತ್ತೆ," ಅಂದಿದ್ದರು. ನಾಲ್ಕು ವರ್ಷದಲ್ಲಿ ಎಷ್ಟು ಮುಖಗಳಿಗೆ ಒತ್ತಿದ್ದಾಳೋ. ಗುರುತಿನ ಚೀಟಿಗೆ ಬಂದವರು, ಕೆಲಸಕ್ಕೆ ಅರ್ಜಿ ಹಾಕುವವರು, ಸತ್ತವರು. ಆ ಗುಂಡಿಯ ಮೇಲಿನ ಅಂಕಿ ಸವೆದು ಹೋಗಿ ಬರೀ ಹೊಳಪು ಉಳಿದಿತ್ತು. ಕವಿಯ ಫೋಟೊ ಪರದೆಗೆ ಬಂದ ದಿನವೂ ಬೆರಳು ತಾನಾಗಿ ಹೋಗಿತ್ತು. ತಾನು ಮಾಡಲಿಲ್ಲ, ಕೈ ಮಾಡಿತು ಎಂದು ಹೇಳಿಕೊಳ್ಳಬಹುದಿತ್ತು. ಬೆಳಗಿನಿಂದ ಅದನ್ನೇ ಹೇಳಿಕೊಳ್ಳಲು ನೋಡುತ್ತಿದ್ದಳು. ಆದರೆ ಕೈ ಮಾಡಿದ ಮೇಲೆ ಕಣ್ಣು ನೋಡಿತ್ತು. ನೋಡಿ, ಈಗ ಚೆನ್ನಾಗಿ ಬಂತು ಎಂದುಕೊಂಡಿತ್ತು. ಆ ಎಂದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು, ಎದೆಯಲ್ಲಿ ಆದ ಸಣ್ಣ ಹಗುರ ಸಮೇತ. ಕೈಯ ಮೇಲೆ ಹಾಕಬಹುದು. ಆ ಹಗುರವನ್ನು ಯಾರ ಮೇಲೆ ಹಾಕುವುದು?

ಒಳಗಿನ ಕೋಣೆಯಲ್ಲಿ ಯಂತ್ರ ನಿಂತಿತು. ಮೆಷಿನ್ ಮಾಮ ಕೈಗೆ ಹತ್ತಿದ ಶಾಯಿಯನ್ನು ಚಿಂದಿಬಟ್ಟೆಗೆ ಒರೆಸಿಕೊಳ್ಳುತ್ತ ಬಂದು ಅವಳ ಮೇಜಿಗೆ ಒರಗಿ ನಿಂತ. ಮೂವತ್ತು ವರ್ಷದಿಂದ ಆ ಯಂತ್ರ ಓಡಿಸುವವನು. ಸದ್ದಿನಲ್ಲೇ ಇದ್ದು ಇದ್ದು ಪಿಸುಮಾತನ್ನೂ ಕೂಗಿ ಆಡುತ್ತಾನೆ. ಅವಳು ಬಾಯಿ ಬಿಡುವುದು ಕಡಿಮೆ ಎಂದು ಅವಳಿಗೆ ಅವನಿಟ್ಟ ಹೆಸರು ಮೌನಮ್ಮ.

"ಏನ್ ಮೌನಮ್ಮ, ಇವತ್ತು ಎಷ್ಟು ಮಾತು ಖರ್ಚಾಯ್ತು? ಒಂದೋ, ಎರಡೋ?"

ಅವಳು ಪುಸ್ತಕವನ್ನೂ ಫೋಟೊವನ್ನೂ ಅವನ ಕಡೆ ಸರಿಸಿದಳು. ಅವನು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದ.

"ಅಕ್ಕತಂಗೀರಾ?"

"ಒಬ್ಬರೇ."

"ಹೌದಾ? ಹಂಗಾದ್ರೆ ಇದು ಚೆನ್ನಾಗಿದೆ," ಎಂದು ಪುಸ್ತಕದ ಮೇಲೆ ಬೆರಳಿಡಲು ಹೋಗಿ, ಶಾಯಿ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. "ಯಾಕೆ, ಏನಾಯ್ತು?"

ಯಜಮಾನರಿಗೆ ಆಗಲೇ ಹೇಳಿದ್ದಳು. ಹೇಳುವುದಕ್ಕೆ ಮುಂಚೆ ಅವರ ಕೋಣೆಯ ಬಾಗಿಲ ಹತ್ತಿರ ಮೂರು ಸಲ ಹೋಗಿ ಬಂದಿದ್ದಳು, ಮೂರನೇ ಸಲ ಅವರೇ "ಏನು, ಬಾಗಿಲು ಅಳತೆ ತಗೋತಿದೀಯ?" ಎಂದು ಒಳಗೆ ಕರೆದಿದ್ದರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವರ ಬೇಸರ ಇತ್ತು. "ಬೆಳ್ಳಗೆ ಮಾಡಿದ್ರಿ ಅಂತ ಯಾರಾದ್ರೂ ಜಗಳಕ್ಕೆ ಬಂದಿದ್ದು ನೋಡಿದೀಯ ನೀನು? ಕಪ್ಪಗೆ ಮಾಡಿದ್ರಿ ಅಂತ ಬರ್ತಾರೆ. ಐನೂರು ಪುಸ್ತಕ ಕಟ್ಟಿ ಇಟ್ಟಾಗಿದೆ. ಟೀಚರಿಗೆ ಕಣ್ಣೂ ಅಷ್ಟಕ್ಕಷ್ಟೆ. ಸುಮ್ನೆ ಇದ್ದುಬಿಡು. ಸುಮ್ನಿರೋದು ನಿನಗೇನು ಹೊಸದಲ್ಲ." ಕೊನೆಯ ಮಾತನ್ನು ಅವರು ನಗುತ್ತ ಅಂದಿದ್ದರು, ಅವಳೂ ನಕ್ಕಿದ್ದಳು. ನಕ್ಕದ್ದು ಈಗ ಬಾಯಲ್ಲಿ ಕಹಿಯಾಗಿ ಉಳಿದಿತ್ತು.

ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು. ಟೀಚರ್ ಬರುವುದು ಹನ್ನೊಂದಕ್ಕೆ. ಆಟೋ ಇಳಿದು, ಕೋಲಿನಿಂದ ಮೆಟ್ಟಿಲು ಹುಡುಕಿ, ಮೂರು ಮೆಟ್ಟಿಲನ್ನೂ ಮನಸ್ಸಿನಲ್ಲೇ ಎಣಿಸಿ ಒಳಗೆ ಬರುತ್ತಾರೆ. ಒಂದು ವರ್ಷದಿಂದ ಮಂಗಳವಾರ ಶುಕ್ರವಾರ ಹಾಗೇ ಬರುತ್ತಿದ್ದರು. ಎಲ್ಲೋ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಆಫ್ರಿಕಾದ ಕವಿಯ ಮೂವತ್ತು ಪದ್ಯಗಳನ್ನು ಕನ್ನಡಕ್ಕೆ ತಂದು, ಪ್ರತಿ ಪದ್ಯದ ಕೆಳಗೂ ಅದರ ಅರ್ಥ ಬರೆಯುತ್ತಿದ್ದರು. ಬರೆಯುತ್ತ ಬರೆಯುತ್ತಲೇ ಕಣ್ಣಿನ ನಡುಭಾಗ ಹೋಗಿಬಿಟ್ಟಿತ್ತು. ಅಂಚಿನಲ್ಲಿರುವುದು ಮಾತ್ರ ಕಾಣುತ್ತದೆ, ಎದುರಿಗಿರುವುದು ಮಸಿ ಬಳಿದಂತೆ. ಅದಕ್ಕೇ ಕರಡು ತಿದ್ದಲು ಅವಳು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಗಟ್ಟಿಯಾಗಿ ಓದುವುದೆಂದರೆ ಬೀದಿಯಲ್ಲಿ ಕಾಲು ಜಾರಿ ಬೀಳುವಷ್ಟು ನಾಚಿಕೆ. ಮೊದಲ ವಾರ ಅವಳ ದನಿ ಮೇಜಿನಾಚೆ ಹೋಗುತ್ತಿರಲಿಲ್ಲ. "ನನಗೆ ಕಣ್ಣಿಲ್ಲ, ಕಿವಿ ಇದೆ. ಅದನ್ನೂ ತೆಗೀಬೇಡಮ್ಮ," ಎಂದು ಟೀಚರ್ ಅಂದಾಗ ಅವಳಿಗೆ ನಗು ಬಂದು, ನಗುವಿನ ಜೊತೆಗೇ ದನಿಯೂ ಹೊರಗೆ ಬಂದಿತ್ತು.

ನನ್ನ ತಾಯಿಯನ್ನು ರಾತ್ರಿಗೆ ಹೋಲಿಸಬೇಡಿ.
ಬೇಕಾದರೆ ರಾತ್ರಿಯನ್ನು ಅವಳಿಗೆ ಹೋಲಿಸಿ;
ಅವಳು ಹಿರಿಯಳು.

ಇದನ್ನು ಓದಿದ ದಿನ ಅವಳು ಮುಂದಿನ ಸಾಲಿಗೆ ಹೋಗಲಿಲ್ಲ. ಟೀಚರ್ ಕಾದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು. ಕಪ್ಪು ಅನ್ನುವುದನ್ನು ಯಾರೂ ಹೀಗೆ ಮುಂದಿಟ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದ ಕಪ್ಪು ಯಾವಾಗಲೂ ಇನ್ನೊಂದು ಮಾತಿನ ಬೆನ್ನಿಗೆ ಅಡಗಿಕೊಂಡು ಬರುತ್ತಿತ್ತು, ಬಣ್ಣ ಒಂದು ಬಿಟ್ಟರೆ ಹುಡುಗಿ ಲಕ್ಷಣ, ಬಣ್ಣ ನೋಡಬೇಡಿ ಕೆಲಸ ನೋಡಿ. ಇನ್ನೊಂದು ದಿನ ಕನ್ನಡಿಯ ಪದ್ಯ ಬಂತು.

ಕನ್ನಡಿಯೇ, ನಿನಗೆ ನೋಡಲು ಕಲಿಸಿದವರು ಯಾರು?
ನನ್ನ ಮುಖವನ್ನು ಕೊಟ್ಟಾಗಲೆಲ್ಲ
ಬೇರೆ ಯಾರನ್ನೋ ಹಿಂದಕ್ಕೆ ಕೊಡುತ್ತೀಯೆ.

ಟೀಚರ್ ಅದರ ಅರ್ಥವನ್ನು ಒಂದೂವರೆ ಪುಟ ಬರೆದಿದ್ದರು. ಕನ್ನಡಿ ಅಂದರೆ ಆ ನಾಡನ್ನು ಆಳಿದ ಬಿಳಿಯರು. ತಮ್ಮ ಚೆಲುವನ್ನೇ ಚೆಲುವೆಂದು ಕಲಿಸಿ ಹೋದವರು. ಕವಿ ತನ್ನ ಜನರ ಕೂದಲು, ತುಟಿ, ಮೈಬಣ್ಣಗಳನ್ನು ಮರಳಿ ಪಡೆಯುತ್ತಿದ್ದಾಳೆ. ಅವಳು ಅಷ್ಟನ್ನೂ ಓದಿ ಮುಗಿಸಿದ ಮೇಲೆ ಟೀಚರ್ ಕೇಳಿದರು: "ನಿನಗೇನನ್ನಿಸ್ತು?" ಆ ಪ್ರಶ್ನೆ ತನಗೇ ಕೇಳಿದ್ದೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ನಮ್ಮನೇಲಿ ಕನ್ನಡೀನ ಅತ್ತೆ, ಅಪ್ಪನ ಅಕ್ಕ, ಎತ್ತರಕ್ಕೆ ಹಾಕಿದಾರೆ ಟೀಚರ್. ನಾನು ಗಿಡ್ಡ. ತುದಿಗಾಲಲ್ಲಿ ನಿಂತ್ರೆ ಹಣೆ ಕಾಣುತ್ತೆ, ಅಷ್ಟೆ. ಮಿಕ್ಕಿದ್ದು ಹೇಗಿದೆ ಅಂತ ಅತ್ತೆ ಹೇಳ್ತಾರೆ." ಟೀಚರ್, "ಇದನ್ನ ಟೈಪ್ ಮಾಡು," ಅಂದರು. ಹಾಗಾಗಿ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಒಂದು ಸಾಲಿದೆ: ಈ ಪದ್ಯವನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡ ಒಬ್ಬ ಓದುಗಿತ್ತಿ ಹೇಳಿದಂತೆ. ಅದನ್ನು ಜೋಡಿಸುವಾಗ ಅವಳು 'ಓದುಗಿತ್ತಿ' ಎಂಬ ಪದವನ್ನು ಒಂದು ಸಲ ಅಳಿಸಿ, ಮತ್ತೆ ಹೊಡೆದಿದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪದ ಅಂಗಿಯೊಳಗೆ ಮುಚ್ಚಿಟ್ಟ ಹಣ್ಣಿನ ಹಾಗೆ ಅವಳ ಜೊತೆ ಇತ್ತು.

ಎಲ್ಲ ದಿನವೂ ಹಾಗಿರಲಿಲ್ಲ. ಟೀಚರ್ ತಾವು ಬೆಳ್ಳಗಿನ ಹೆಂಗಸು, ಕಾಗದದಂಥ ಕೈ, ನರಗಳು ನೀಲಿ. ಒಂದು ಮಧ್ಯಾಹ್ನ ಮಾತಿಗೆ ಮಾತು ಬಂದು, "ಈ ಪದ್ಯ ಎಲ್ಲ ನಿನ್ನಂಥೋರಿಗೇ ಬರೆದಿದ್ದು ಕಣಮ್ಮ," ಅಂದುಬಿಟ್ಟಿದ್ದರು. ಅವರಿಗೆ ಮುಖ ಕಾಣುವುದಿಲ್ಲ. ತಾನು ಕಪ್ಪೆಂದು ಅವರಿಗೆ ಯಾರು ಹೇಳಿದರು? ಯಜಮಾನರೇ? ಅಂಚಿನ ಕಣ್ಣಲ್ಲಿ ಅವರೇ ನೋಡಿದರೇ? ಒಂದು ವರ್ಷದಿಂದ ಆ ಕೋಣೆಯಲ್ಲಿ ತಾನು ಬರೀ ದನಿ, ಬರೀ ಓದುಗಿತ್ತಿ ಎಂದುಕೊಂಡು ಕೂತಿದ್ದವಳಿಗೆ ಮೈಮೇಲಿನ ಹೊದಿಕೆ ಯಾರೋ ಎಳೆದಂತಾಗಿತ್ತು. ಅವತ್ತು ಬೇಕೆಂದೇ ಎರಡು ಸಾಲು ಬಿಟ್ಟು ಓದಿದಳು. ಟೀಚರಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗಿ ಸುಮ್ಮನಿದ್ದರು. ಈಗಲೂ ಅವಳಿಗೆ ಅದು ತಿಳಿಯದು.

ಅವಳು ಫೋಟೊವನ್ನು ತಿರುಗಿಸಿದಳು. ಹಿಂದೆ ಕವಿಯ ಮಗಳ ಕೈಬರಹ, ನೀಲಿ ಶಾಯಿ. ಫೋಟೊ ಕಳಿಸಿಕೊಟ್ಟವಳು ಅವಳೇ. ಅದರ ಜೊತೆ ಬಂದ ಪತ್ರವನ್ನು ಟೀಚರ್ ಯಾರಿಂದಲೋ ಓದಿಸಿಕೊಂಡು ಬಂದು, ಎದುರಿನ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಹೇಳಿದ್ದರು: ಅಮ್ಮನ ಫೋಟೊ ಬೇಕಾದಷ್ಟಿವೆ, ಒಂದರಲ್ಲೂ ಅವಳಿಲ್ಲ. ಫೋಟೊ ತೆಗೆಯುವವರು ಅವಳ ಮುಖಕ್ಕೆ ದೀಪ ಹಿಡಿದು ಹಿಡಿದು ಬೂದಿ ಮಾಡುತ್ತಿದ್ದರು. ಇದೊಂದು ನಾನು ತೆಗೆದದ್ದು, ಅಡುಗೆಮನೆಯ ಬಾಗಿಲಲ್ಲಿ. ಇದೊಂದರಲ್ಲಿ ಅವಳು ಅವಳ ಬಣ್ಣದಲ್ಲಿದ್ದಾಳೆ. ನಿಮ್ಮ ಭಾಷೆ ನನಗೆ ಬರುವುದಿಲ್ಲ. ಪುಸ್ತಕ ಬಂದರೆ ನನಗೆ ಓದಲು ಸಿಗುವುದು ಮುಖಪುಟ ಮಾತ್ರ.

ಪತ್ರ ಕೇಳಿದ ಮಾರನೆಯ ದಿನವೇ ಅವಳು ಗುಂಡಿ ಒತ್ತಿದ್ದಳು.

ಇದರಲ್ಲಿ ಇನ್ನೊಂದಿತ್ತು, ಅದನ್ನು ನೆನೆಯದೆ ಇರಲು ಬೆಳಗಿನಿಂದ ಅವಳು ಮೂರು ಸಲ ಎದ್ದು ನೀರು ಕುಡಿದಿದ್ದಳು. ಮನೆಯ ಗೋಡೆಯಲ್ಲಿ ಅಮ್ಮ ಇದ್ದಾಳೆ. ಅಮ್ಮ ತೀರಿಕೊಂಡ ವಾರ ಮನೆಯಲ್ಲಿ ಅವಳ ಫೋಟೊ ಎಂದು ಇದ್ದದ್ದು ಒಂದೇ, ಗುರುತಿನ ಚೀಟಿಯ ಹೆಬ್ಬೆರಳಷ್ಟು ಚಿತ್ರ. ಅತ್ತೆ ಅದನ್ನು ಕೈಗೆ ಕೊಟ್ಟು, "ದೊಡ್ಡದು ಮಾಡಿಸೋದು ಮಾಡಿಸ್ತೀಯ, ಸ್ವಲ್ಪ ಬೆಳ್ಳಗೂ ಮಾಡೇ. ನಿನ್ನ ನೋಡೋಕೆ ಬರೋರು ಒಳಗೆ ಬಂದ ತಕ್ಷಣ ಗೋಡೆ ನೋಡ್ತಾರೆ. ತಾಯಿ ನೋಡಿ ಮಗಳನ್ನ ಲೆಕ್ಕ ಹಾಕ್ತಾರೆ," ಅಂದಿದ್ದರು. ಅತ್ತೆ ಕೆಟ್ಟವರಲ್ಲ. ಅಮ್ಮ ಹಾಸಿಗೆ ಹಿಡಿದಾಗ ಬೆನ್ನು ಒರೆಸಿದವರು ಅವರೇ. ಅವಳು ಇದೇ ಕುರ್ಚಿಯಲ್ಲಿ ಕೂತು ಅಮ್ಮನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿ ಗುಂಡಿ ಒತ್ತಿದಳು. ಸಾಲದು ಅನ್ನಿಸಿ ಇನ್ನೊಮ್ಮೆ ಒತ್ತಿದಳು. ಪ್ರೆಸ್ಸಿನ ಪದ್ಧತಿಯಂತೆ, ಜಾಗ ಉಳಿಯಲಿ ಎಂದು, ಹಳೆಯದು ಅಳಿದುಹೋಗುವಂತೆ ಅದರ ಮೇಲೇ ಹೊಸದನ್ನು ಉಳಿಸಿದಳು. ಗುರುತಿನ ಚೀಟಿಯನ್ನು ಮರಣ ದಾಖಲೆಗೆ ಬೇಕೆಂದು ಕಚೇರಿಯವರು ಇಟ್ಟುಕೊಂಡರು, ಕೇಳಲು ಹೋದಾಗ ಹರಿದು ಹಾಕಿದ್ದರು. ಈಗ ಗೋಡೆಯಲ್ಲಿ ಇರುವ ಹೆಂಗಸಿಗೆ ಅಮ್ಮನ ಮೂಗಿದೆ, ಅಮ್ಮನ ಕಿವಿಯಿದೆ, ಮೇಲ್ತುಟಿಯ ಪಕ್ಕದ ಕಲೆ ಬೆಳಕಿನಲ್ಲಿ ಕರಗಿ ಹೋಗಿದೆ. ನೋಡಲು ಬಂದ ಇಬ್ಬರಲ್ಲಿ ಒಬ್ಬರು ಗೋಡೆ ನೋಡಿ, ಅವಳನ್ನು ನೋಡಿ, "ತಾಯಿ ಹೋಲಿಕೆ ಬರಲಿಲ್ಲ ಪಾಪ," ಎಂದು ಹೋಗಿದ್ದರು.

ಹಾಗಾದರೆ ಆ ದೂರದ ಮಗಳಿಗೆ ತಾನು ಮಾಡಿದ್ದೇನೆಂದು ಈ ಭೂಮಿಯ ಮೇಲೆ ಸರಿಯಾಗಿ ಗೊತ್ತಿರುವವಳು ತಾನೊಬ್ಬಳೇ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲಲ್ಲಿ ಕೋಲಿನ ಸದ್ದಾಯಿತು. ಟೀಚರ್ ಇವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಅವಳು ಕುರ್ಚಿ ಎಳೆದುಕೊಟ್ಟು ಕೈಗೆ ಒಂದು ಪ್ರತಿ ಇಟ್ಟಳು. ಅವರು ಅದನ್ನು ಮೊದಲು ಮೂಸಿದರು. ಆಮೇಲೆ ಮಡಿಲಲ್ಲಿಟ್ಟು, ಮಗುವಿನ ತಲೆ ಸವರುವಂತೆ ಮುಖಪುಟವನ್ನು ಅಂಗೈಯಿಂದ ಸವರಿದರು.

"ಆರು ವರ್ಷ ಆಯ್ತು ನೋಡು, ಶುರು ಮಾಡಿ. ಮುಗಿಯೋದ್ರೊಳಗೆ ನಾನೇ ಮುಗಿದುಬಿಡ್ತೀನೇನೋ ಅಂತಿದ್ದೆ. ಎಲ್ಲ ಸರಿಯಾಗಿ ಬಂದಿದೆಯೇನಮ್ಮ?"

"ಪುಟ ಎಲ್ಲ ಸರಿಯಾಗಿದೆ ಟೀಚರ್."

"ಅಷ್ಟು ಸಾಕು. ಮೊದಲನೇ ಪ್ರತಿ ಮಗಳಿಗೆ. ಆ ಫೋಟೊನೂ ಅದರಲ್ಲೇ ಇಟ್ಟುಬಿಡು. ವಿಳಾಸ ಹೇಳ್ತೀನಿ, ಬರ್ಕೋ. ಹೋಗ್ತಾ ಪೋಸ್ಟಿಗೆ ಹಾಕಿ ಹೋಗ್ತೀನಿ."

ಯಜಮಾನರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು. ಅವಳು ಕಂದು ಕಾಗದದ ಮೇಲೆ ವಿಳಾಸ ಬರೆಯತೊಡಗಿದಳು. ಟೀಚರ್ ಒಂದೊಂದೇ ಅಕ್ಷರ ಹೇಳಿದರು, ಅವಳು ಒಂದೊಂದೇ ಅಕ್ಷರ ಬರೆದಳು, ಕೇಳಿರದ ಬೀದಿ, ಕೇಳಿರದ ಊರು. ಅಲ್ಲೂ ಒಂದು ಬಾಗಿಲು ಇರುತ್ತದೆ. ಒಬ್ಬ ಮಗಳು ಬಂದು ತೆಗೆಯುತ್ತಾಳೆ, ನಿಂತಲ್ಲೇ ಕಾಗದ ಹರಿಯುತ್ತಾಳೆ. ಊರಿನ ಕೊನೆಯ ಅಕ್ಷರ ಬರೆದಾಗಲೂ ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಎಷ್ಟು ಸುಲಭವಾಗಿತ್ತೆಂದರೆ, ಅದರಷ್ಟಕ್ಕೆ ಅದು ನಡೆದುಕೊಂಡು ಹೋಗುತ್ತಿತ್ತು, ಬೆರಳು ಗುಂಡಿಯ ಕಡೆ ಹೋದ ಹಾಗೆಯೇ. ಆ ಹೋಲಿಕೆ ಮನಸ್ಸಿಗೆ ಬಂದದ್ದೇ ಅವಳ ಕೈ ನಿಂತಿತು.

"ಟೀಚರ್, ಮುಖ ಬೆಳ್ಳಗೆ ಮಾಡಿದೀನಿ."

"ಯಾರ ಮುಖ?"

"ಅವರದು. ಕವಿದು. ಫೋಟೊದಲ್ಲಿರೋ ಹಾಗಿಲ್ಲ. ಇಲ್ಲಿ ಬರೋ ಎಲ್ಲ ಫೋಟೊಗೂ ಮಾಡ್ತೀನಿ, ಹಾಗೇ ಇದಕ್ಕೂ ಮಾಡಿದೆ. ನಾನೇ ಮಾಡಿದ್ದು."

ಬಾಗಿಲಲ್ಲಿ ಯಜಮಾನರು, "ಒಂದು ಚೂರು ಬ್ರೈಟ್ ಆಗಿದೆ ಅಷ್ಟೆ ಮೇಡಂ, ಪ್ರಿಂಟಿಂಗಲ್ಲಿ ಸಹಜ," ಅಂದರು. ಟೀಚರ್ ಅವರ ಕಡೆ ತಿರುಗಲಿಲ್ಲ. ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ, ಮತ್ತೆ ಕಿವಿಯ ಪಕ್ಕಕ್ಕೆ, ತಮ್ಮ ಕಣ್ಣಿನ ಅಂಚಿಗೆ ಸಿಗುವಂತೆ ಹಿಡಿದು ನೋಡಿದರು. ಆಮೇಲೆ ಫೋಟೊವನ್ನು ಕೇಳಿ ಇಸಿದುಕೊಂಡು ಹಾಗೇ ಹಿಡಿದರು. ಬೈಯುತ್ತಾರೆ ಎಂದು ಅವಳು ಕಾದಳು. ಬೈದರೆ ಒಳ್ಳೆಯದಿತ್ತು.

"ಹೋದ ತಿಂಗಳು ಮುಖಪುಟದ ಕರಡು ತಂದುಕೊಟ್ಟೆಯಲ್ಲ," ಎಂದು ಟೀಚರ್ ನಿಧಾನವಾಗಿ ಅಂದರು, "ನಾನು ಹೀಗೇ ಹಿಡಿದು ನೋಡಿ ಏನಂದೆ ಗೊತ್ತಾ?"

ಅವಳಿಗೆ ಗೊತ್ತಿತ್ತು.

"ಎಷ್ಟು ಕಳೆಯಾಗಿದಾಳೆ ಅಂದೆ. ಫೋಟೊ ಬಂದಾಗ ಹಾಗನ್ನಲಿಲ್ಲ. ಫೋಟೊ ನೋಡಿ ನಾನೇನೂ ಅನ್ನಲಿಲ್ಲ. ಮೂವತ್ತು ಪದ್ಯಕ್ಕೆ ಅರ್ಥ ಬರೆದವಳು ನಾನು."

ಅವರ ಕಾಗದದಂಥ ಕೈ ಫೋಟೊದ ಮಡಚಿದ ಮೂಲೆಯನ್ನು ನೇರ ಮಾಡುತ್ತಿತ್ತು. ಅವಳಿಗೆ ಆ ಕೈ ಹಿಡಿಯಬೇಕೆನ್ನಿಸಿತು. ಧೈರ್ಯ ಬರದೆ ಮೇಜಿನ ಮೇಲಿದ್ದ ದಾರದ ಉಂಡೆಯನ್ನು ಹಿಡಿದುಕೊಂಡಳು.

"ಕವರ್ ಹರಿದು ಬೇರೆ ಹಾಕೋದಾ ಮೇಡಂ? ಪುಸ್ತಕದ ಬೆನ್ನು ಕಿತ್ತು ಬರುತ್ತೆ," ಎಂದು ಯಜಮಾನರು ಈಗ ನಿಜವಾಗಿ ಗಾಬರಿಯಾಗಿ ಒಳಗೆ ಬಂದರು.

"ಬೇಡ. ತಿದ್ದುಪಡಿ ಚೀಟಿ ಹಾಕ್ತೀರಲ್ಲ, ತಪ್ಪು ಇಂಥದ್ದು, ಸರಿ ಇಂಥದ್ದು ಅಂತ. ಅದನ್ನ ಹಾಕೋಣ. ಮೊದಲನೇ ಪುಟದಲ್ಲೇ ಅಂಟಿಸಿ. ಆ ಮಗಳ ಪ್ರತಿಗೆ ಮಾತ್ರ ಕವರ್ ತೆಗೆದುಬಿಡಿ. ಅವಳಿಗೆ ಅವಳಮ್ಮನ ಮುಖ ಗೊತ್ತು. ಯಾಕೆ ಕವರ್ ಇಲ್ಲ ಅಂತ ನಾನೇ ಕಾಗದ ಬರೀತೀನಿ, ನಾನು ಅಂದಿದ್ದನ್ನೂ ಸೇರಿಸಿ." ಆಮೇಲೆ ಅವಳ ಕಡೆ ತಿರುಗಿ, ಅವಳು ಎಲ್ಲಿದ್ದಾಳೆಂದು ತುಸು ತಪ್ಪಾಗಿ ಅಂದಾಜು ಮಾಡಿ ಗೋಡೆಗೆ ಹೇಳಿದರು: "ಚೀಟಿ ನೀನೇ ಬರಿ. ನಾನು ತಿದ್ದಲ್ಲ."

ಅವಳು ಕೀಬೋರ್ಡಿನ ಮುಂದೆ ಕೂತು 'ತಪ್ಪು' ಎಂದು ಹೊಡೆದು, ಅದರ ಮುಂದೆ 'ಮುಖಪುಟದ ಚಿತ್ರದಲ್ಲಿರುವ ಮೈಬಣ್ಣ' ಎಂದು ಹೊಡೆದಳು. ಕೆಳಗೆ 'ಸರಿ' ಎಂದು ಹೊಡೆದು ನಿಂತಳು. ಒಂದೊಂದೇ ಪದ ಬಂತು, ಎಲ್ಲವೂ ಅವಳಿಗೆ ಪರಿಚಯದವು, ತನ್ನ ಬಗ್ಗೆ ಬೇರೆಯವರು ಬಳಸಿದ್ದವು. ಎಣ್ಣೆಗಪ್ಪು. ಶ್ಯಾಮಲ ವರ್ಣ. ಕೃಷ್ಣಸುಂದರಿ. ನೋಡಲು ಬಂದವರ ಮುಂದೆ ಹಾಸುವ ಜಮಖಾನೆಗಳ ಹಾಗೆ ಒಂದೊಂದನ್ನೂ ಬಿಚ್ಚಿ ನೋಡಿ ಸುತ್ತಿಟ್ಟಳು. ಟೀಚರ್ ಬೆನ್ನ ಹಿಂದೆ ಅಲುಗಾಡದೆ ಕೂತಿದ್ದರು. ಕೊನೆಗೆ ಅವಳು ಬರೆದದ್ದು ಇಷ್ಟು: ಕವಿ ಕಪ್ಪು ಹೆಂಗಸು. ಅಚ್ಚಿಗೆ ಸಿದ್ಧಮಾಡುವಾಗ ಆ ಬಣ್ಣವನ್ನು ತೆಗೆದವಳು ನಾನು. ಗಟ್ಟಿಯಾಗಿ ಓದಿ ಹೇಳಿದಳು. ದನಿ ಎಲ್ಲೂ ಅಡಗಲಿಲ್ಲ.

"ಕೆಳಗೆ ಹೆಸರು?"

"ಹೆಸರು ಬೇಡ ಟೀಚರ್. ಅಕ್ಷರ ಜೋಡಿಸಿದವಳು ಅಂತ ಹಾಕ್ತೀನಿ."

"ಹಾಕು," ಅಂದರು ಟೀಚರ್. ಸ್ವಲ್ಪ ಹೊತ್ತಿನ ಮೇಲೆ, "ಅವತ್ತು ಎರಡು ಸಾಲು ಬಿಟ್ಟು ಓದಿದೆಯಲ್ಲ, ನನಗೆ ಗೊತ್ತಾಗಿತ್ತು," ಎಂದು ಕೋಲಿಗಾಗಿ ಕೈ ಚಾಚಿದರು. "ನಾನು ಅಂದ ಮಾತು ಸರಿ ಇರಲಿಲ್ಲ. ಅದಕ್ಕೆ ಕೇಳಲಿಲ್ಲ."

ಸಂಜೆಯವರೆಗೆ ಅವಳೂ ಮೆಷಿನ್ ಮಾಮನೂ ಚೀಟಿ ಅಂಟಿಸಿದರು. ಅವನು ಕೈ ಎರಡು ಸಲ ಸೋಪು ಹಾಕಿ ತೊಳೆದು ಬಂದಿದ್ದ. ನೂರು ಪುಸ್ತಕ ಆಯಿತು. ಆಮೇಲೆ ಒಂದು ಚೀಟಿಯನ್ನು ದೂರ ಹಿಡಿದು ನಿಧಾನವಾಗಿ ಓದಿ, "ಇಷ್ಟೊಂದು ಮಾತು ಎಲ್ಲಿಟ್ಕೊಂಡಿದ್ದೆ ಮೌನಮ್ಮ?" ಅಂದ, ಎಂದೂ ಇಲ್ಲದ ಸಣ್ಣ ದನಿಯಲ್ಲಿ. ಅವಳು ಮುಂದಿನ ಪುಸ್ತಕ ಎಳೆದುಕೊಂಡಳು. ಪುಸ್ತಕದ ಮೇಲೆ ಪುಸ್ತಕ, ಅದೇ ಮಾಸಲು ಮುಖ, ಐನೂರು ಸಲ ತಿರುಗಿ ಐನೂರು ಸಲ ಓಗೊಡದೆ ಅವಳನ್ನು ನೋಡಿತು. ಪ್ರತಿಯೊಂದರ ಒಳಗೂ ಒಂದು ಚೀಟಿ ಇಡಬಹುದು. ಹಾಗೆ ತಿದ್ದುವ ಚೀಟಿ ಸಿಕ್ಕವಳು ಅದೃಷ್ಟವಂತೆ ಅನ್ನಿಸಿತು, ಅದು ಕವಿಯೋ, ಕವಿಯ ಮಗಳೋ ಗೊತ್ತಾಗಲಿಲ್ಲ; ಗೋಡೆಯ ಮೇಲಿನ ಅಮ್ಮನಿಗಂತೂ ಚೀಟಿ ಇಲ್ಲ.

ಮನೆಗೆ ಬಂದಾಗ ಅತ್ತೆ ಅಂಗಡಿಗೆ ಹೋಗಿದ್ದರು. ಅಪ್ಪ ಆಗತಾನೆ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದ. ಅಪ್ಪ ಮರಕ್ಕೆ ಪಾಲಿಶ್ ಹಾಕುವವನು. ಹಳೆಯ ಬೀರುವಿನ ಒಂದು ಬಾಗಿಲು ಹೋದರೆ, ಹೊಸ ಬಾಗಿಲಿಗೆ ಹಳೆಯ ಬಾಗಿಲಿನ ಬಣ್ಣ ಕೂಡಿಸಬೇಕಾದರೆ ಊರಿನವರೆಲ್ಲ ಅವನನ್ನೇ ಕರೆಯುತ್ತಾರೆ. ಒಂದು ಸಲ ನೋಡಿ ಮನೆಗೆ ಬಂದು, ಮರುದಿನ ಡಬ್ಬಿಯಲ್ಲಿ ಅದೇ ಬಣ್ಣ ಕಲಸಿಕೊಂಡು ಹೋಗುತ್ತಾನೆ. ಉಗುರಿನ ಸಂದಿನಲ್ಲಿ ಯಾವಾಗಲೂ ಒಂದು ಕಂದು. ಅವಳು ಕೈಚೀಲ ಮೂಲೆಗಿಟ್ಟು, ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು.

"ಯಾಕೇ ಮಗಳೇ, ಬೆರಳೆಲ್ಲ ಅಂಟು?"

"ಅಪ್ಪ, ಅಮ್ಮನ ಬಣ್ಣ ಹೇಗಿತ್ತು?"

ಅಪ್ಪ ಅವಳನ್ನು ನೋಡಿದ. ಕೇಳಬಾರದ್ದೇನೋ ಕೇಳಿದೆ ಎಂದುಕೊಂಡಳು. ಆದರೆ ಅಪ್ಪ ಯೋಚಿಸುತ್ತಿದ್ದ, ಕೆಲಸದ ವಿಷಯ ಕೇಳಿದಾಗ ಯೋಚಿಸುವ ಹಾಗೆಯೇ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತ. ಆಮೇಲೆ ಕಣ್ಣು ಮುಚ್ಚಿದ. ಅವನ ಕಣ್ಣು ಮರೆಯುವ ಕಣ್ಣಲ್ಲ, ಅದು ಅವಳಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಪ್ರತಿ ಬೆಳಿಗ್ಗೆ ನೋಡಿದ ಮುಖ. ಯಾವ ಮರ ಎಂದರೂ ಸಾಕು, ಯಾವ ಡಬ್ಬಿ ಎಂದರೂ ಸಾಕು. ಅಪ್ಪ ಕಣ್ಣು ತೆರೆದು, ಮಂಡಿ ಹಿಡಿದು ಎದ್ದು ಗೋಡೆಯ ಹತ್ತಿರ ಹೋದ. ಫೋಟೊವನ್ನು ಮೊಳೆಯಿಂದ ಇಳಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿ ನೋಡಿದ.

"ಇದೇ ಬಣ್ಣ," ಅಂದ. "ಹೀಗೇ ಇದ್ದಳು ನೋಡು. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ."